ಹುಳು ಸಾಕುವುದರ ಅನುಕೂಲ, ಅನಾನುಕೂಲ

ನನಗೊಂದು ಕೆಟ್ಟ ಚಾಳಿ ಇದೆ, ಮೊದಲೇ ಹೇಳಿಬಿಡುತ್ತೇನೆ. ಯಾರಾದರೂ ಸಂತೋಷದ ಸುದ್ದಿ ತಂದರೆ ಮುಖವರಳಿಸಿ ಕೇಳುತ್ತೇನೆ, ಅವರು ಕೊಟ್ಟ ಸಕ್ಕರೆಯನ್ನೂ ಬಾಯಿಗೆ ಹಾಕಿಕೊಳ್ಳುತ್ತೇನೆ. ಒಳಗೆ ಮನಸ್ಸು ಮಾತ್ರ ಆಗಲೇ ಇನ್ನೊಂದು ಪ್ಯಾರಾ ಶುರು ಮಾಡಿರುತ್ತದೆ. ಮೊನ್ನೆ ಪಕ್ಕದ ಮನೆಯವರು ಬಾವಿ ತೋಡಿಸಿದರು, ಸಿಹಿನೀರು ಬಂತು. ಒಳ್ಳೆಯದಾಯಿತು ಎಂದು ಹೇಳಿ ನಮ್ಮ ಹೊಸಿಲು ದಾಟುವಷ್ಟರಲ್ಲಿ, ಬಾವಿಗೆ ಇನ್ನೂ ಕಟ್ಟೆ ಕಟ್ಟಿಸಿಲ್ಲ, ಮಕ್ಕಳು ಇಣುಕುತ್ತವೆ, ಬೇಸಿಗೆಗೆ ನೀರು ಇಳಿಯುತ್ತದೆ, ರಾಟೆ ಕಳವಾಗುತ್ತದೆ ಎಂದು ನಾಲ್ಕು ಅಂಶಗಳು ನನ್ನ ತಲೆಯಲ್ಲಿ ಸಾಲಾಗಿ ನಿಂತಿದ್ದವು. ಯಾವಾಗಲೂ ನಾಲ್ಕೇ ಇರುತ್ತವೆ. ಹುಟ್ಟುಗುಣ ಎಂದು ನನ್ನ ಮಕ್ಕಳು ನಗುತ್ತಾರೆ. ಇದು ಹುಟ್ಟಿನಿಂದ ಬಂದದ್ದಲ್ಲ, ಶಿಡ್ಲಘಟ್ಟದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠದ ಜೊತೆ ಬಂದದ್ದು ಎಂದರೆ ನಂಬುವುದಿಲ್ಲ.

ಅರವತ್ತರ ದಶಕ ಆಗತಾನೇ ಶುರುವಾಗಿತ್ತು. ನಮಗೆ ಇಂಗ್ಲಿಷ್ ಕಲಿಸುತ್ತಿದ್ದವರು ಚಿಕ್ಕಬಳ್ಳಾಪುರದಿಂದ ದಿನಾ ಚಿಕ್ಕ ರೈಲಿನಲ್ಲಿ ಬರುತ್ತಿದ್ದ ರಂಗರಾವ್ ಮೇಷ್ಟ್ರು. ಆ ರೈಲು ಎಷ್ಟು ನಿಧಾನವೆಂದರೆ, ಏರಿನಲ್ಲಿ ಇಳಿದು ನಡೆದುಕೊಂಡು ಬಂದು ಮತ್ತೆ ಹತ್ತಿದೆ ಎಂದು ಅವರೇ ಹೇಳುತ್ತಿದ್ದರು. ಹಳ್ಳಿಗಳಿಂದ ಬರುವ ನಮ್ಮಂಥವರ ಇಂಗ್ಲಿಷಿನ ಮೇಲೆ ಅವರಿಗೆ ಭರವಸೆ ಇರಲಿಲ್ಲ. ಮನೆಯಲ್ಲಿ ಅರ್ಧ ತೆಲುಗು ಅರ್ಧ ಕನ್ನಡ, ಕೆಲವರ ಮನೆಯಲ್ಲಿ ಉರ್ದು, ಇಂಗ್ಲಿಷ್ ಎಂಬುದು ಎಸ್ಸೆಸ್ಸೆಲ್ಸಿಯ ಪ್ರಶ್ನೆಪತ್ರಿಕೆಯಲ್ಲಿ ಮಾತ್ರ ಕಾಣುವ ಪ್ರಾಣಿ. ಆದ್ದರಿಂದ ಮೇಷ್ಟ್ರು ಒಂದು ಉಪಾಯ ಹೂಡಿದ್ದರು. ಪ್ರಪಂಚದಲ್ಲಿ ಯಾವ ವಿಷಯ ಕೊಟ್ಟರೂ ಅದಕ್ಕೆ ಐದು ಅನುಕೂಲ, ನಾಲ್ಕು ಅನಾನುಕೂಲ, ಕೊನೆಗೊಂದು ಸಮಾಧಾನದ ವಾಕ್ಯ. ಸಿನಿಮಾ, ವಿಜ್ಞಾನ, ಅವಿಭಕ್ತ ಕುಟುಂಬ, ಪಟ್ಟಣವಾಸ, ಏನೇ ಬರಲಿ, ಇದೇ ಅಚ್ಚು.

ಅನಾನುಕೂಲ ಒಂದು ಕಡಿಮೆ ಯಾಕೆ ಸಾರ್ ಎಂದು ಯಾರೋ ಕೇಳಿದ್ದಕ್ಕೆ, “ಪೇಪರ್ ತಿದ್ದೋರು ಸರ್ಕಾರದೋರು ಕಣಯ್ಯ. ಅವರಿಗೆ ಬೇಜಾರಾಗಬಾರದು” ಎಂದಿದ್ದರು.

ಈ ಅಚ್ಚು ಮರೆಯದಂತೆ ಅವರು ಕಂಡುಕೊಂಡ ವಿಧಾನವೇ ವಿಚಿತ್ರ. ಅನುಕೂಲ ಹೇಳುವಾಗ ಬಲಗೈ ಎತ್ತಿ ಫಸ್ಟ್‌ಲಿ, ಸೆಕೆಂಡ್‌ಲಿ ಎಂದು ಒಂದೊಂದೇ ಬೆರಳು ಬಿಡಿಸಬೇಕು. ಐದೂ ಮುಗಿದ ಮೇಲೆ ಬಲಗೈ ಇಳಿಸಿ, ಆನ್ ದಿ ಅದರ್ ಹ್ಯಾಂಡ್ ಎಂದು ಎಡಗೈ ಎತ್ತಬೇಕು. ಹೆಬ್ಬೆರಳು ಮಡಚಿಯೇ ಇರಬೇಕು, ನಾಲ್ಕು ಬೆರಳು ಮಾತ್ರ ಬಿಡಿಸಬೇಕು. ನಲವತ್ತು ಮಕ್ಕಳು ಒಟ್ಟಿಗೆ ಎಡಗೈ ಎತ್ತಿ ಸಿನಿಮಾದ ಕೆಡುಕುಗಳನ್ನು ಕೂಗುತ್ತಿದ್ದರೆ ಹಾದಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ನಮ್ಮಲ್ಲಿ ಬಹುಮಂದಿ ಸಿನಿಮಾ ನೋಡಿರಲಿಲ್ಲ. ಅದರಿಂದೇನೂ ತೊಂದರೆಯಾಗಲಿಲ್ಲ.

ಯೋಚಿಸಿದರೆ ಈ ವಿದ್ಯೆ ನಮಗೆ ಹೊಸದೇನಲ್ಲ. ಗುಣ ದೋಷ ನೋಡದೆ ನಮ್ಮ ಹಿರಿಯರು ಒಂದು ಹೆಜ್ಜೆ ಇಟ್ಟವರಲ್ಲ. ಪಂಚಾಂಗವೆಂಬುದು ಏನು, ದಿನಕ್ಕಿಷ್ಟು ಅನುಕೂಲ, ಇಷ್ಟು ಅನಾನುಕೂಲ ಎಂದು ಹಂಚಿಟ್ಟ ಪುಸ್ತಕ ತಾನೇ? ತರ್ಕಶಾಸ್ತ್ರದವರು ಪೂರ್ವಪಕ್ಷವನ್ನು ಪೂರ್ತಿಯಾಗಿ ಹೇಳಿ ಆಮೇಲೆ ಸಿದ್ಧಾಂತಕ್ಕೆ ಬರುತ್ತಾರೆ. ಜಾತಕ ಕೂಡಿಸುವ ಜೋಯಿಸರು ಎರಡನ್ನೂ ಎಣಿಸಿ, ಕೊನೆಗೆ ಹೆಣ್ಣಿನ ತಂದೆಯ ಮುಖ ನೋಡಿ ಸಮಾಧಾನದ ವಾಕ್ಯ ಹೇಳುತ್ತಾರೆ. ವ್ಯತ್ಯಾಸವಿಷ್ಟೇ. ಅವರು ಕಂಡದ್ದನ್ನು ಹೇಳುತ್ತಾರೆ, ನಾವು ಕಾಣದ್ದನ್ನು ಬರೆಯಬೇಕಾಗಿತ್ತು. ನನ್ನ ಕಷ್ಟ ಶುರುವಾದದ್ದು ಕಂಡದ್ದನ್ನು ಬರೆಯುವ ಹೊತ್ತು ಬಂದಾಗ.

ಆ ವರ್ಷ ಪರೀಕ್ಷೆಗೆ ಒಂದು ತಿಂಗಳಿರುವಾಗ ಮೇಷ್ಟ್ರಿಗೆ ಒಂದು ಸುಳಿವು ಹತ್ತಿತು. ಈ ಸಲ ನಿಮ್ಮ ಊರಿನ ಕಸುಬಿನ ಬಗ್ಗೆ ಕೇಳಿಯೇ ಕೇಳುತ್ತಾರೆ ಎಂದರು. ನಮ್ಮ ಕಡೆ ಕಸುಬು ಎಂದರೆ ರೇಷ್ಮೆ ತಾನೇ? ತರಗತಿಯಲ್ಲಿ ನೂಲು ತೆಗೆಯುವ ಮನೆಯ ಮಕ್ಕಳಿದ್ದರು, ಹುಳು ಸಾಕುವ ಮನೆಯವರಿದ್ದರು. ಎಲ್ಲರೂ ಮನೆಯಲ್ಲೇ ನೋಡಿ ಬರೆದುಕೊಂಡು ಬಾಯಿಪಾಠ ಮಾಡಬೇಕು ಎಂದು ಅಪ್ಪಣೆಯಾಯಿತು. ನನಗೆ ಬಹಳ ಸಂತೋಷವಾಯಿತು. ಆ ಸಂತೋಷ ಎರಡು ದಿನ ಇತ್ತು.

ನನಗೆ ಆ ಪರೀಕ್ಷೆ ಎಷ್ಟು ಮುಖ್ಯವಾಗಿತ್ತೆಂದು ಹೇಳಬೇಕು. ನಮ್ಮ ಹಳ್ಳಿಯಿಂದ ಹೈಸ್ಕೂಲಿಗೆ ನಡೆದು ಹೋಗುತ್ತಿದ್ದ ಹುಡುಗಿ ನಾನೊಬ್ಬಳೇ. ಪಾಸಾದರೆ ಟೀಚರ್ ಟ್ರೈನಿಂಗಿಗೆ ಕಳಿಸುವುದೆಂದೂ, ಇಲ್ಲವಾದರೆ ಗೌರಿಬಿದನೂರಿನಾಚೆ ನಗರಗೆರೆಯಲ್ಲಿದ್ದ ನನ್ನ ಸೋದರಮಾವನ ಮಗನಿಗೆ ಕೊಡುವುದೆಂದೂ ಅಪ್ಪ ತೀರ್ಮಾನ ಮಾಡಿದ್ದರು. ಆ ಹುಡುಗನಲ್ಲಿ ದೋಷವೇನೂ ಇರಲಿಲ್ಲ. ಹೊಲ ಇತ್ತು, ಒಳ್ಳೆಯವನೇ. ಆದರೆ ನನಗೆ ಟೀಚರಾಗಬೇಕಿತ್ತು. ಕೈಯಲ್ಲಿ ಸೀಮೆಸುಣ್ಣ ಹಿಡಿದು ಬೋರ್ಡಿನ ಮುಂದೆ ನಿಲ್ಲುವ ಆಸೆ ನನಗೆ ಊಟ ನಿದ್ದೆ ಬಿಡಿಸುವಷ್ಟಿತ್ತು.

ಈಗ ನಮ್ಮ ಮನೆಯ ವಿಚಾರ. ಆ ಕಾಲದಲ್ಲಿ ಹುಳಕ್ಕೆ ಬೇರೆ ಮನೆ ಕಟ್ಟುತ್ತಿದ್ದವರು ಕಡಿಮೆ. ನಾವಿರುವ ಮನೆಯಲ್ಲೇ ನಡುಮನೆ ತುಂಬಾ ಬಿದಿರಿನ ತಟ್ಟೆಗಳು, ತಟ್ಟೆ ತುಂಬಾ ಹುಳು, ನಾವು ಅಡುಗೆಮನೆಯ ಮೂಲೆಯಲ್ಲಿ. ಹುಳು ಇರುವಷ್ಟು ದಿನ ಹೊರಗಿನವರು ಒಳಗೆ ಬರುವಂತಿಲ್ಲ, ಕಾಲು ತೊಳೆಯದೆ ನಾವೂ ಬರುವಂತಿಲ್ಲ, ಒಗ್ಗರಣೆ ಹಾಕುವಂತಿಲ್ಲ, ಬೀಡಿ ಸೇದುವಂತಿಲ್ಲ. ಇವು ಎಲ್ಲ ಮನೆಗಳ ಕಟ್ಟಳೆ. ಇದರ ಮೇಲೆ ನನ್ನ ಅಮ್ಮನದೇ ಒಂದು ಕಟ್ಟಳೆ ಇತ್ತು. ಮೊಟ್ಟೆ ಮನೆಗೆ ಬಂದಾಗಿನಿಂದ ಗೂಡು ಬಿಡಿಸುವ ತನಕ ಹುಳದ ಬಗ್ಗೆ ಒಂದು ಕೆಟ್ಟ ಮಾತು ಆ ಸೂರಿನಡಿ ಆಡಕೂಡದು. ಕಷ್ಟ ಎನ್ನಬಾರದು, ಸುಸ್ತು ಎನ್ನಬಾರದು, ಹೋದ ಬೆಳೆ ಕೆಟ್ಟಿತ್ತು ಎಂದು ನೆನೆಯಲೂ ಬಾರದು. ಹುಳು ಕೇಳಿಸಿಕೊಳ್ಳುತ್ತದೆ, ಮನಸ್ಸಿಗೆ ಹಚ್ಚಿಕೊಂಡು ಮೇವು ಬಿಡುತ್ತದೆ ಎಂದು ಅವಳ ನಂಬಿಕೆ. ಅವಳ ಬಾಯಲ್ಲಿ ಹುಳದ ಬಗ್ಗೆ ಬೇಸರದ ಮಾತನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ.

ಒಂದು ಸಂಜೆ ನಾನು ನಡುಮನೆಯಲ್ಲಿ ತಟ್ಟೆಗಳ ಎದುರು ನಿಂತು ಪಾಠ ಒಪ್ಪಿಸಿಕೊಳ್ಳುತ್ತಿದ್ದೆ. ಬೇರೆಲ್ಲೂ ನಿಲ್ಲಲು ಜಾಗವಿರಲಿಲ್ಲ. ಬಲಗೈಯ ಐದೂ ಬೆರಳು ಮುಗಿದು, ಎಡಗೈ ಎತ್ತಿ, ಹೆಬ್ಬೆರಳು ಮಡಚಿ, ಜೋರಾಗಿ ಫಸ್ಟ್‌ಲಿ ಎಂದೆ. ಅಮ್ಮ ಸೊಪ್ಪಿನ ಮಂಕರಿ ಹೊತ್ತು ಒಳಗೆ ಬಂದವಳು ಹಾಗೆಯೇ ನಿಂತುಬಿಟ್ಟಳು.

“ಎಡಗೈ ಯಾಕೇ ಎತ್ತಿದ್ದು ಹುಳದ ಮುಂದೆ? ಅದೇನೇ ಮಂತ್ರ?”

“ಮಂತ್ರ ಅಲ್ಲಮ್ಮ, ಇಂಗ್ಲೀಷು. ಪರೀಕ್ಷೆಗೆ.”

“ಏನಂತ ಅರ್ಥ?”

ಸುಳ್ಳು ಹೇಳಬಹುದಾಗಿತ್ತು. ಹುಳು ಬಲು ಒಳ್ಳೆಯದು ಎಂದು ಅರ್ಥ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಾನು ಆಗಷ್ಟೇ ಬಾಯಿಪಾಠ ಮಾಡಿದ ಹುಮ್ಮಸ್ಸಿನಲ್ಲಿ, ಹುಳು ಸಾಕುವುದರಿಂದ ಆಗುವ ತೊಂದರೆಗಳು ಎಂದುಬಿಟ್ಟೆ. ಅಮ್ಮನ ಮುಖ ಬಿಳಿಚಿಕೊಂಡಿತು. ಮಂಕರಿ ಇಳಿಸಿ, ಒಂದೊಂದು ತಟ್ಟೆಯ ಮುಂದೂ ನಿಂತು, ಮಗು ತಿಳೀದೆ ಅಂದಿದೆ, ಮನಸ್ಸಿಗೆ ಹಾಕ್ಕೋಬೇಡಿ ಎಂದು ಹೇಳಿಕೊಂಡು ಬಂದಳು. ನನ್ನ ಕಡೆ ತಿರುಗಿ ಗೂಡು ಬಿಡಿಸೋ ಗಂಟ ಆ ಪಾಠದ ಸುದ್ದಿ ಎತ್ತಬೇಡ ಎಂದಳು.

ಮೂರನೇ ದಿನ ಒಂದು ತಟ್ಟೆಯಲ್ಲಿ ಏಳೆಂಟು ಹುಳು ಉಬ್ಬಿ ಹಾಲು ಬಣ್ಣಕ್ಕೆ ತಿರುಗಿದವು. ಹಾಲು ರೋಗ ಎಂಬುದು ಬೇಸಿಗೆಯ ಬೆಳೆಯಲ್ಲಿ ಅಷ್ಟಿಷ್ಟು ಬರುವುದೇ. ಅದಕ್ಕೆ ಬಿಸಿಲು, ಒದ್ದೆ ಸೊಪ್ಪು ಹೀಗೆ ಬೇಕಾದಷ್ಟು ಕಾರಣಗಳಿವೆಯೆಂದು ಈಗ ಬಲ್ಲೆ. ಅಂದು ನನಗೆ ಗೊತ್ತಿದ್ದ ಕಾರಣ ಒಂದೇ. ಅಮ್ಮ ಆ ಹುಳುಗಳನ್ನು ಆರಿಸಿ ಬೂದಿಯಲ್ಲಿ ಹಾಕಿ ಹೂತು ಬಂದಳು. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.

ಅಂದಿನಿಂದ ನಾನು ಪಟ್ಟ ಪಾಡು ಯಾರಿಗೂ ಬೇಡ. ಕೆಟ್ಟದ್ದನ್ನು ಯೋಚಿಸಬಾರದು ಎಂದು ಗಟ್ಟಿಮಾಡಿಕೊಂಡವರಿಗೆ ಅದೊಂದೇ ಯೋಚನೆ ಬರುತ್ತದೆ. ಸೊಪ್ಪು ಹಾಕುವಾಗ ಸೆಕೆಂಡ್‌ಲಿ, ನೀರು ಸೇದುವಾಗ ಥರ್ಡ್‌ಲಿ. ತುಟಿ ಕಚ್ಚಿಕೊಂಡು, ಬಲಗೈ ಬೆರಳುಗಳನ್ನೇ ಮತ್ತೆ ಮತ್ತೆ ಎಣಿಸಿ, ಅನುಕೂಲಗಳನ್ನು ಹತ್ತಕ್ಕೆ ಏರಿಸಿದೆ. ಬೆಳಿಗ್ಗೆ ಎದ್ದೊಡನೆ ತಟ್ಟೆಗಳ ಮೇಲೆ ಬಗ್ಗಿ ಹಾಲುಬಣ್ಣ ಎಲ್ಲಾದರೂ ಕಾಣುತ್ತದೆಯೇ ಎಂದು ಹುಡುಕುತ್ತಿದ್ದೆ. ವಿದುರಾಶ್ವತ್ಥದ ನಾಗಪ್ಪನಿಗೆ ಹರಕೆ ಹೊತ್ತೆ. ಬೆಳೆ ಚೆನ್ನಾಗಿ ಬರಲಿ, ನಾನು ಪಾಸಾಗಲಿ ಎಂದು ಒಂದೇ ಹರಕೆಗೆ ಎರಡು ಕೆಲಸ ಹಚ್ಚಿದೆ. ಒಂದಕ್ಕೆ ಎರಡು ಕೇಳಿದೆನೆಂದು ನಾಗಪ್ಪ ಮುನಿದಾನೆಂದು ಆಮೇಲೆ ಅದಕ್ಕೂ ಭಯವಾಯಿತು.

ಪರೀಕ್ಷೆ ಚಿಕ್ಕಬಳ್ಳಾಪುರದಲ್ಲಿ. ಹುಳು ನಾಲ್ಕನೇ ಜ್ವರ ಮುಗಿಸಿ ಎದ್ದ ದಿನ ನಾನು ಹೊರಟೆ. ಹುಳು ಪೊರೆ ಬಿಡುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತೇವೆ. ನಾಲ್ಕನೆಯದು ಕೊನೆಯ ಜ್ವರ, ಅಲ್ಲಿಂದ ಮುಂದೆ ಒಂದು ವಾರ ಒಂದೇ ಸಮನೆ ತಿನ್ನುವ ದೊಡ್ಡ ಮೇವು, ಆಮೇಲೆ ಹಣ್ಣಾಗಿ ಗೂಡು ಕಟ್ಟುವುದು. ಬೆಳೆ ಕೈಗೆ ಸಿಗುವುದೋ ಕೈಬಿಡುವುದೋ ಆ ವಾರದಲ್ಲೇ. ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಪರೀಕ್ಷೆ ಬರೆದೆ. ಊರಿಂದ ಸುದ್ದಿಯಿಲ್ಲ. ಹುಳು ಏನಾದವೋ ಎಂಬ ಕಳವಳ ಬಿಡಲಿಲ್ಲ. ಇಂಗ್ಲಿಷ್ ಪತ್ರಿಕೆ ಇದ್ದ ದಿನ ಬೆರಳು ಮಡಿಸಿ ಲೆಕ್ಕ ಹಾಕಿದೆ. ಅವತ್ತೋ ಮಾರನೆಯ ದಿನವೋ ಹುಳು ಹಣ್ಣಾಗಬೇಕು.

ಮೇಷ್ಟ್ರು ಹೇಳಿದ್ದೇ ಬಂದಿತ್ತು. ನಿಮ್ಮ ಊರಿನ ಒಂದು ಕಸುಬಿನ ಅನುಕೂಲ ಅನಾನುಕೂಲಗಳನ್ನು ಕುರಿತು ಒಂದು ಪ್ಯಾರಾ ಬರೆಯಿರಿ. ಸುತ್ತ ನಮ್ಮ ಶಾಲೆಯ ಮಕ್ಕಳೆಲ್ಲ ಖುಷಿಯಿಂದ ಕುರ್ಚಿಯಲ್ಲೇ ಅಲ್ಲಾಡಿದರು. ನಾನು ಐದು ಅನುಕೂಲ ಬರೆದೆ. ಆರನೆಯದನ್ನೂ ಏಳನೆಯದನ್ನೂ ಸೇರಿಸಿದೆ. ಹೊಸ ಸಾಲಿನಲ್ಲಿ ಆನ್ ದಿ ಅದರ್ ಹ್ಯಾಂಡ್ ಎಂದು ಬರೆದು, ಕಾಮಾ ಹಾಕಿ, ಕೂತೆ.

ಅಮ್ಮ ಈ ಹೊತ್ತಿಗೆ ಹಣ್ಣಾದ ಹುಳುಗಳನ್ನು ಒಂದೊಂದಾಗಿ ಆರಿಸಿ, ಗೂಡು ಕಟ್ಟಲು ಬಿದಿರು ಹೆಣೆದ ಚಂದ್ರಂಕಿಯ ಮೇಲೆ ಬಿಡುತ್ತಿರಬಹುದು. ನಾನಿಲ್ಲಿ ಬರೆದ ಒಂದು ಸಾಲು ಹದಿನೈದು ಮೈಲಿಯಾಚೆ ಆ ಹುಳುಗಳಿಗೆ ಮುಟ್ಟಿದರೆ? ಮುಟ್ಟುವುದಿಲ್ಲ ಎಂದು ತಿಳಿದಿತ್ತು. ವಿಜ್ಞಾನದ ಅನುಕೂಲಗಳ ಮೇಲೆ ಐದು ಅಂಶ ಬಾಯಿಪಾಠ ಇದ್ದವಳು ನಾನು. ಆದರೂ ಲೇಖನಿ ಮುಂದಕ್ಕೆ ಹೋಗಲಿಲ್ಲ. ತಟ್ಟೆ ತಟ್ಟೆಗೂ ಕ್ಷಮೆ ಕೇಳಿಕೊಂಡು ಹೋದ ಅಮ್ಮನ ಬೆನ್ನೇ ಕಣ್ಣಮುಂದೆ ಬರುತ್ತಿತ್ತು. ಬೇರೆ ಕಸುಬಿನ ಬಗ್ಗೆ ಬರೆಯಬಹುದಿತ್ತಲ್ಲ ಎಂದು ನೀವು ಕೇಳಬಹುದು. ಗಂಟೆ ಹೊಡೆದು, ಪೇಪರ್ ಕೊಟ್ಟು, ಬೇವಿನಮರದ ಕೆಳಗೆ ನಿಂತಾಗ ನನಗೂ ಅದು ಹೊಳೆಯಿತು.

ಊರಿಗೆ ಬಂದರೆ ಅಂಗಳದಲ್ಲಿ ಚಂದ್ರಂಕಿಗಳು ಗೋಡೆಗೆ ಒರಗಿದ್ದವು, ಒಂದೊಂದರ ತುಂಬಾ ಹಳದಿ ಗೂಡು. ಅಷ್ಟು ಚೆನ್ನಾದ ಬೆಳೆ ಎರಡು ವರ್ಷದಿಂದ ಬಂದಿರಲಿಲ್ಲ. ಅಮ್ಮ ನನ್ನನ್ನು ನೋಡಿ ಬಾಯ್ತುಂಬಾ ನಕ್ಕಳು. ಆ ಗಳಿಗೆಯಲ್ಲಿ ನಾನು ಮಾಡಿದ್ದು ಸರಿ ಎಂದೇ ನನಗನ್ನಿಸಿತು. ನಾಗಪ್ಪ ಹರಕೆಯ ಮೊದಲರ್ಧ ನಡೆಸಿಕೊಟ್ಟು ಮಿಕ್ಕದ್ದನ್ನು ಮರೆತ. ಫಲಿತಾಂಶದ ದಿನ ಪತ್ರಿಕೆಯಲ್ಲಿ ನನ್ನ ನಂಬರು ಇರಲಿಲ್ಲ. ಇಂಗ್ಲಿಷೊಂದರಲ್ಲೇ ಹೋಗಿದ್ದೆ, ಅದೂ ಮೂರು ಅಂಕಕ್ಕೆ. ಆ ಖಾಲಿ ಜಾಗದಿಂದಲೇ ಹೋಯಿತೆಂದು ಎದೆ ತಟ್ಟಿ ಹೇಳಲಾರೆ, ನನ್ನ ವ್ಯಾಕರಣವೂ ಕೈಲಾದಷ್ಟು ಸಹಾಯ ಮಾಡಿರಬೇಕು.

ಅಪ್ಪ ಕೂಗಾಡಲಿಲ್ಲ. “ನಗರಗೆರೆಗೆ ಒಂದು ಕಾಗದ ಹಾಕ್ತೀನಿ” ಎಂದರು, ಅಷ್ಟೇ. ನಾನು ಹಿತ್ತಲಿಗೆ ಹೋಗಿ ಅತ್ತೆ. ಅಮ್ಮ ಬಂದು ಪಕ್ಕದಲ್ಲಿ ಕೂತು, ಅಷ್ಟು ಓದಿದ್ಯಲ್ಲೇ, ಏನಾಯ್ತೇ ಎಂದು ಕೇಳಿದಾಗ ಎಲ್ಲವನ್ನೂ ಹೇಳಿಬಿಟ್ಟೆ. ಅವಳು ಬೆರಗಾಗಿ ನನ್ನ ಮುಖ ನೋಡಿದಳು.

“ಅಲ್ಲಿ ಚಿಕ್ಕಬಳ್ಳಾಪುರದಲ್ಲಿ ಕೂತ್ಕೊಂಡೂ ಬರೀಲಿಲ್ವೇನೇ?”

“ನೀನೇ ಹೇಳಿದ್ಯಲ್ಲಮ್ಮ, ಗೂಡು ಬಿಡಿಸೋ ಗಂಟ ಬೇಡ ಅಂತ.”

ಅಮ್ಮ ಎದ್ದು ಮನೆಯೊಳಗೆ ಹೋದಳು. ಆಗ ಒಂದು ಬೆಳೆ ಮುಗಿದು ಇನ್ನೊಂದಕ್ಕೆ ಮೊಟ್ಟೆ ತರುವ ನಡುವಿನ ಬಿಡುವು. ಮನೆಯಲ್ಲಿ ಒಂದು ಹುಳವೂ ಇರಲಿಲ್ಲ, ತೊಳೆದ ತಟ್ಟೆಗಳು ಬಾವಿಕಟ್ಟೆಯ ಬಳಿ ಒಣಗುತ್ತಿದ್ದವು. ಅವಳು ನನ್ನ ನೋಟ್‌ಬುಕ್ಕನ್ನೂ ಪೆನ್ಸಿಲನ್ನೂ ತಂದು ಕೊಟ್ಟಳು. ಆಮೇಲೆ ಆ ತಟ್ಟೆಗಳನ್ನೆಲ್ಲ ಒಂದೊಂದಾಗಿ ಬೋರಲು ಹಾಕಿದಳು. ಬಾವಿಕಟ್ಟೆಯ ಮೇಲೆ ಕೂತು, “ಬರ್ಕೋ. ಇನ್ನೊಂದು ಸಲ ಪರೀಕ್ಷೆ ಇರ್ತದಲ್ಲ” ಎಂದಳು.

“ಒಂದು, ನಿದ್ದೆ ಇಲ್ಲ. ದೊಡ್ಡ ಮೇವಿಗೆ ಬಂದ್ಮೇಲೆ ನೆಲಕ್ಕೆ ಬೆನ್ನು ಹಾಕಂಗಿಲ್ಲ. ಎರಡು, ಬಾಯಿಗೆ ರುಚಿ ಇಲ್ಲ. ಹುಳ ಇರೋ ಗಂಟ ಒಗ್ಗರಣೆ ವಾಸನೆ ನೋಡಂಗಿಲ್ಲ. ಮೂರು, ಮನೆ ಹುಳದ್ದು. ನಾವು ಮೂಲೇಲಿ ಮುದುರ್ಕೊಂಡು ಬಿದ್ದಿರ್ತೀವಿ. ನಾಲ್ಕು, ನೀನು ಎದೆಹಾಲು ಕುಡಿಯೋ ಕೂಸು, ಹಸಿದು ಕಿರಚ್ಕೊಂತಿದ್ದೆ. ಹುಳಕ್ಕೆ ಸೊಪ್ಪು ಹಾಕಿದ್ಮೇಲೇನೇ ನಿನ್ನ ಎತ್ಕೋತಿದ್ದದ್ದು.”

ನಾಲ್ಕಕ್ಕೆ ನಾನು ಪೆನ್ಸಿಲ್ ನಿಲ್ಲಿಸಿದೆ. ಅವಳು ನಿಲ್ಲಿಸಲಿಲ್ಲ. ಬೆರಳಿನ ಬಿರುಕುಗಳನ್ನು ಹೇಳಿದಳು, ಮಂಕರಿ ಹೊತ್ತು ಹೊತ್ತು ನೆತ್ತಿಯಲ್ಲಿ ಕೂದಲು ಹೋದದ್ದನ್ನು ಹೇಳಿದಳು, ಯಾರ ಮದುವೆಗೂ ಹೋಗದೆ ನೆಂಟರೆಲ್ಲ ದೂರವಾದದ್ದನ್ನು ಹೇಳಿದಳು, ಇನ್ನೂ ಏನೇನೋ ಹೇಳಿದಳು. ನಾನು ಬೆರಳು ಎಣಿಸುವುದನ್ನು ಬಿಟ್ಟು ಬರೆಯುತ್ತಾ ಹೋದೆ. ಅಪ್ಪ ನೀರು ಸೇದಲು ಬಂದವರು ಕೊಡ ಹಿಡಿದು ನಿಂತಿದ್ದರು. ಅಮ್ಮ ಅವರ ಕಡೆ ನೋಡದೆ ಮತ್ತೆ ಹೇಳಿದಳು.

“ನಮ್ಮಮ್ಮ ಹೋದ ಸುದ್ದಿ ಬಂದಾಗ ಹುಳು ದೊಡ್ಡ ಮೇವಲ್ಲಿತ್ತು. ಸೂತಕದ ಮನೆಗೆ ಹೋಗ್ಬಂದು ಹುಳ ಮುಟ್ಟಂಗಿಲ್ಲ. ನಾನು ಹೋಗಲಿಲ್ಲ. ಇದನ್ನೂ ಬರ್ಕೋ.”

ಬರೆದುಕೊಂಡೆ. ಕಾಗದ ಸರಿಯಾಗಿ ಕಾಣುತ್ತಿರಲಿಲ್ಲ. ಅಪ್ಪ ಕೊಡ ಅಲ್ಲೇ ಇಟ್ಟು, “ಕಾಗದ ಈಗ್ಲೇ ಬೇಡ. ಸೆಪ್ಟೆಂಬರ್ ಪರೀಕ್ಷೆ ಆಗಲಿ” ಎಂದು ಹೊಲದ ಕಡೆ ನಡೆದರು.

ಅಮ್ಮ ಹೇಳಿದ್ದನ್ನು ಇಂಗ್ಲಿಷಿಗೆ ತಿರುಗಿಸಲು ನನಗೆ ಒಂದು ವಾರ ಹಿಡಿಯಿತು. ಸೂತಕಕ್ಕೆ ಮಾತು ಸಿಗಲಿಲ್ಲ, ರಂಗರಾವ್ ಮೇಷ್ಟ್ರನ್ನು ಕೇಳಲು ಹೋದೆ. ಅವರು ಕೆಂಪು ಪೆನ್ನು ಹಿಡಿದು ಒಂದೊಂದೇ ಸಾಲು ತಿದ್ದುತ್ತಾ ಬಂದರು.

“ನಾಲ್ಕಿರಬೇಕಲ್ಲಮ್ಮ, ಹನ್ನೊಂದಿದೆಯಲ್ಲ?”

“ನಮ್ಮಮ್ಮ ಹೇಳಿದ್ದು ಸಾರ್.”

“ಹಾಗಾದ್ರೆ ಇರಲಿ” ಎಂದರು. ತಮ್ಮ ಲೆಕ್ಕ ಅವರು ಬಿಟ್ಟುಕೊಟ್ಟದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಸೆಪ್ಟೆಂಬರಿನಲ್ಲಿ ಹನ್ನೊಂದನ್ನೂ ನಾಲಗೆ ತುದಿಯಲ್ಲಿಟ್ಟುಕೊಂಡು ಹೋದೆ. ಪ್ರಶ್ನೆ ಬಂದದ್ದು ರೇಡಿಯೋದ ಅನುಕೂಲ ಅನಾನುಕೂಲಗಳ ಮೇಲೆ. ನಮ್ಮ ಮನೆಯಲ್ಲಿ ರೇಡಿಯೋ ಇರಲಿಲ್ಲ. ಶಿಡ್ಲಘಟ್ಟದ ಒಂದು ಹೋಟೆಲಿನ ಮುಂದೆ ಹಾದುಹೋಗುವಾಗ ಕಿವಿಗೆ ಬಿದ್ದದ್ದೇ ನನ್ನ ರೇಡಿಯೋ ಜ್ಞಾನ. ಅಳು ನುಂಗಿಕೊಂಡು ಹಳೆಯ ಅಚ್ಚಿನಲ್ಲಿ ಐದು ಅನುಕೂಲ, ನಾಲ್ಕು ಅನಾನುಕೂಲ ಬರೆದು, ಸಮಾಧಾನದ ವಾಕ್ಯ ಸೇರಿಸಿ ಬಂದೆ. ಪಾಸಾಯಿತು. ಟ್ರೈನಿಂಗಿಗೆ ಹೋದೆ, ಟೀಚರಾದೆ, ನನ್ನ ಮುಂದೆ ಕೂತ ಮಕ್ಕಳಿಗೂ ಸಿನಿಮಾದ ಕೆಡುಕುಗಳನ್ನು ಕಲಿಸಿದೆ. ಅದೆಲ್ಲ ಆಮೇಲಿನ ಮಾತು.

ನಂಬರು ಪತ್ರಿಕೆಯಲ್ಲಿ ಬಂದ ದಿನ ಮನೆಯಲ್ಲಿ ಮತ್ತೆ ಹುಳು ಇತ್ತು, ಎರಡನೇ ಜ್ವರ ಮುಗಿಸಿ ಎದ್ದಿತ್ತು. ಅಮ್ಮ ನನ್ನ ಕೈಹಿಡಿದು ಅಂಗಳಕ್ಕೆ ಕರೆದುಕೊಂಡು ಬಂದಳು. ಬಾಗಿಲು ಮುಂದಕ್ಕೆಳೆದು, ಪಿಸುದನಿಯಲ್ಲಿ ಕೇಳಿದಳು.

“ಹುಳದ ವಿಚಾರ ಕೇಳಿದ್ರೇನೇ?”

ಇಲ್ಲ ಎನ್ನಲು ಬಾಯಿ ತೆರೆದಿದ್ದೆ. ಅವಳ ಕಣ್ಣು ನೋಡಿದೆ.

“ಕೇಳಿದ್ರಮ್ಮ.”

“ನಾನು ಹೇಳಿದ್ದೆಲ್ಲ ಬರೆದ್ಯಾ?”

“ಒಂದೂ ಬಿಡಲಿಲ್ಲ.”

“ನಮ್ಮಮ್ಮಂದೂ?”

“ಅದೂನೂ ಬರೆದೆ.”

ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. “ಅಷ್ಟೂ ಓದಿ ಪಾಸು ಮಾಡವ್ರೆ ಅಂದ್ರೆ, ಅವರ ತಾಯೀನೂ ಹುಳು ಸಾಕಿರಬೇಕು ಕಣೇ, ಪಾಪ” ಎಂದು, ಕಾಲು ತೊಳೆದುಕೊಂಡು, ಸೊಪ್ಪು ಹಾಕಲು ಒಳಗೆ ಹೋದಳು.